ಚಮರವಿರಲು ಯಾಕ್ ಏತಕ್ಕೆ?

ಹಿಮಾಲಯದ ನೀಳ್ಗೂದಲಿನ ಪ್ರಾಣಿಯನ್ನು ಕನ್ನಡ ಬರಹಗಳಲ್ಲಿ ‘ಯಾಕ್’ ಎಂದು ಕರೆಯುವ ರೂಢಿ ಬಲಿಯುತ್ತಿದೆ. ‘ಯಾಕೆ’ ಎಂದು ದಿನವೂ ಕೇಳುವ ಕನ್ನಡಿಗನ ಕಿವಿಗೆ ಇದು ಹೆಸರಲ್ಲ, ಪ್ರಶ್ನೆ. ಆ ಪ್ರಶ್ನೆಯನ್ನೇ ನಾವು ಕೇಳುತ್ತೇವೆ: ಚಮರವೆಂಬ ಹೆಸರಿರಲು ಯಾಕ್ ಏತಕ್ಕೆ?

ಮೊದಲು ಶಬ್ದದ ಕುಲವನ್ನು ವಿಚಾರಿಸೋಣ. ‘ಯಾಕ್’ ಮೂಲತಃ ಆಂಗ್ಲಶಬ್ದವಲ್ಲ, ಟಿಬೆಟ್ಟಿನದು. ಅಲ್ಲಿ ಅದು ಗಂಡಿಗೆ ಮಾತ್ರ ಸಲ್ಲುವ ಹೆಸರು, ಹೆಣ್ಣು ‘ದ್ರಿ’. ಆಂಗ್ಲರು ಗಂಡಿನ ಹೆಸರನ್ನು ಇಡೀ ಜಾತಿಗೆ ಹಚ್ಚಿದರು. ‘ಯಾಕಿನ ಹಾಲು’ ಎಂದರೆ ಟಿಬೆಟ್ಟಿನವರಿಗೆ ಗೂಳಿಯ ಹಾಲೆಂದಂತೆ. ಇದನ್ನರಿಯಲು ಲಾಸಾ ನಗರಕ್ಕೆ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲಸಿರುವ ಟಿಬೆಟ್ಟಿನವರನ್ನು ಕೇಳಿದರೆ ಸಾಕು.

ಸಂಸ್ಕೃತವಾದರೋ ಭೇದವನ್ನು ಉಳಿಸಿಕೊಂಡಿದೆ: ಗಂಡು ಚಮರ, ಹೆಣ್ಣು ಚಮರೀ. ಅದರ ಬಾಲದ ಕೂದಲಿನಿಂದಾದುದು ಚಾಮರ. ಯಮನು ಜವನಾದಂತೆ, ಕುಮಾರನು ಕುವರನಾದಂತೆ, ಚಮರಿಯು ಚವರಿಯಾಗಿ, ಚೌರಿಯಾಗಿ ನಮ್ಮ ಮನೆ ಸೇರಿತು. ಹೆಂಗಸರು ಜಡೆಗೆ ಸೇರಿಸಿ ಹೆಣೆಯುವ ಕೂದಲೂ ಚೌರಿಯೇ. ಚಮರವೂ ಹೊರಗಿನಿಂದ ಬಂದುದಲ್ಲವೇ ಎಂದು ಕೇಳುವವರಿಗೆ ಇದೇ ಉತ್ತರ: ಬಂದುದು ನಿಜ, ಆದರೆ ಬಂದು ಒಕ್ಕಲಾಯಿತು.

ಚಾಮರಾಜನಗರದ ಹೆಸರಿನಲ್ಲಿಯೂ ಚಾಮರವಿದೆಯೆಂದು ಕೆಲವರು ಹಿಗ್ಗಬಹುದು. ಧ್ವನಿಸಾಮ್ಯವೇ ವ್ಯುತ್ಪತ್ತಿಯಲ್ಲ. ಅರಿಕುಠಾರವೆಂಬ ಆ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲಿಯೇ ಜನಿಸಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಊರಿಗೆ ಹೆಸರು ಬಂದುದು ಅರಸರಿಂದ, ಪ್ರಾಣಿಯಿಂದಲ್ಲ.

ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲಿ ಹಿಮವುಂಟು. ಆದರೆ ಅದರ ಎತ್ತರ ಸುಮಾರು 1450 ಮೀಟರ್. ಚಮರದ ನೆಲೆ ಸಾಮಾನ್ಯವಾಗಿ 3000 ಮೀಟರಿಗೂ ಮೇಲೆ. ಅದರ ದಾಯಾದಿಯಾದ ಕಾಟಿ ಮಾತ್ರ ಬಂಡೀಪುರದ ಕಾಡಿನಲ್ಲಿ ಮೇಯುತ್ತಿದೆ. ಅದನ್ನು ಕಾಟಿಯೆಂದು ಕರೆಯಲು ಕಾಡಂಚಿನ ರೈತನು ಯಾವ ನಿಘಂಟಿನ ಅಪ್ಪಣೆಯನ್ನೂ ಕಾಯಲಿಲ್ಲ.

ಪರಭಾಷೆಯ ಶಬ್ದಗಳೆಲ್ಲ ವರ್ಜ್ಯವೆಂಬುದು ನಮ್ಮ ವಾದವಲ್ಲ. ರೈಲು ಬಂದಿತು, ಹೆಸರೂ ಜೊತೆಗೆ ಬಂದಿತು, ಅದು ಸಂಪಾದನೆ. ಮನೆಯ ಕಣಜವನ್ನು ಮರೆತು ನೆರೆಮನೆಯಲ್ಲಿ ಕಡ ಕೇಳುವುದಾದರೋ ದಾರಿದ್ರ್ಯ. ಆದುದರಿಂದ ಪಠ್ಯಪುಸ್ತಕಗಳನ್ನು ರಚಿಸುವವರೂ ಅವುಗಳಿಗೆ ಒಪ್ಪಿಗೆಯೀಯುವ ಅಧಿಕಾರಿಗಳೂ ‘ಚಮರ’ ಎಂದೇ ಬರೆಯಿಸಲಿ. ಬೇಕಾದರೆ ಯಾಕ್ ಎಂಬುದನ್ನು ಪಕ್ಕದಲ್ಲಿ ತಿಳಿಸಲಿ. ಗುಡಿಯಲ್ಲಿ ಚಾಮರ ಬೀಸುವುದನ್ನು ಕಂಡ ಮಗುವಿಗೆ, ಆ ಬಿಳಿಯ ಕೂದಲು ಯಾವ ಪ್ರಾಣಿಯದೆಂದು ಶಬ್ದವೇ ಹೇಳಿಕೊಡುತ್ತದೆ. ಆ ಉಪಕಾರವನ್ನು ‘ಯಾಕ್’ ಮಾಡಲಾರದು.