ವೇಷವನ್ನೂ ಹಾಡಾಗಿಸಿದ ಗ್ರೇಸ್ ಜೋನ್ಸ್

ಹಾಡುವವರಿಗೆ ಕಂಠವೊಂದಿದ್ದರೆ ಸಾಕು, ಉಡುಗೆ ತೊಡುಗೆಯ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಕಂಠ, ಉಡುಪು, ನಿಲುವು, ಚಿತ್ರ ಇವೆಲ್ಲವನ್ನೂ ಒಂದೇ ಕಲೆಯಾಗಿ ಹೆಣೆದವರೂ ಇದ್ದಾರೆ. ಜಮೈಕಾದ ಗ್ರೇಸ್ ಜೋನ್ಸ್ ಅಂಥವರಲ್ಲಿ ಮೊದಲ ಸಾಲಿನವಳು.

ಈಕೆ ಹುಟ್ಟಿದ್ದು 1948ರಲ್ಲಿ, ಸ್ಪ್ಯಾನಿಷ್ ಟೌನಿನಲ್ಲಿ. ತಂದೆತಾಯಿ ಅಮೆರಿಕಕ್ಕೆ ಹೋದಾಗ ಮಕ್ಕಳು ಅಜ್ಜಿಯ ಮನೆಯಲ್ಲಿ ಉಳಿದರು. ಅದು ಕಟ್ಟುನಿಟ್ಟಿನ ಪೆಂಟೆಕೋಸ್ಟಲ್ ಕ್ರೈಸ್ತ ಮನೆ. ಪ್ರಾರ್ಥನೆಗೂ ಬಿಡುವಿಲ್ಲ, ಪೆಟ್ಟಿಗೂ ಬಿಡುವಿಲ್ಲ. ಹದಿಮೂರರ ಹೊತ್ತಿಗೆ ತಂದೆತಾಯಿಯರ ಬಳಿಗೆ ಸಿರಕ್ಯೂಸ್ ನಗರಕ್ಕೆ ಬಂದಳು. ಮುಂದೆ ನ್ಯೂಯಾರ್ಕಿನಲ್ಲಿ ರೂಪದರ್ಶಿಯಾದಳು. ಕಡುಗಪ್ಪು ಮೈ, ಚೂಪಾದ ಮುಖ. ಅಂದಿನ ಪತ್ರಿಕೆಗಳು ಬಯಸುತ್ತಿದ್ದ ಚೆಲುವು ಅದಲ್ಲ. 1970ರಲ್ಲಿ ಪ್ಯಾರಿಸಿಗೆ ಹೋದ ಮೇಲೆ ಅದೇ ಮುಖಕ್ಕೆ ಬೇಡಿಕೆ ಬಂತು. ಈವ್ ಸೇಂಟ್ ಲಾರೆಂಟ್, ಕೆಂಜೊ ಮೊದಲಾದ ವಸ್ತ್ರ ವಿನ್ಯಾಸಕಾರರು ಆಕೆಯನ್ನು ಕರೆದರು.

ಬಾಗಿಲು ತೆರೆಯದ ರಾತ್ರಿ

1977ರಲ್ಲಿ ಆಕೆಯ ಹಾಡುಗಳ ಮೊದಲ ಆಲ್ಬಮ್ ಹೊರಬಂತು. ಅದೇ ವರ್ಷ ನ್ಯೂಯಾರ್ಕಿನಲ್ಲಿ 'ಸ್ಟುಡಿಯೊ 54' ಎಂಬ ರಾತ್ರಿ ನೃತ್ಯಶಾಲೆ ತೆರೆಯಿತು. ಒಳಗೆ ಯಾರು, ಹೊರಗೆ ಯಾರು ಎಂಬುದನ್ನು ಅಲ್ಲಿ ಬಾಗಿಲಲ್ಲೇ ತೀರ್ಮಾನಿಸುತ್ತಿದ್ದರು. ಆ ವರ್ಷದ ಕೊನೆಯ ರಾತ್ರಿ ಅಲ್ಲಿ ಗ್ರೇಸ್ ಹಾಡುವವಳಿದ್ದಳು. ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಎಂಬ ಇಬ್ಬರು ಕಪ್ಪು ಸಂಗೀತಗಾರರು ಆಕೆಯ ಆಹ್ವಾನದ ಮೇಲೆಯೇ ಬಂದರು. ದ್ವಾರಪಾಲಕರು ಬಿಡಲಿಲ್ಲ. ಇಬ್ಬರೂ ಮನೆಗೆ ಹಿಂದಿರುಗಿ, ಸಿಟ್ಟಿನಲ್ಲಿ ಬೈಗುಳದ ಹಾಡೊಂದನ್ನು ಕಟ್ಟಿದರು. ಬೈಗುಳ ತೆಗೆದು ತಿದ್ದಿದ ಆ ಹಾಡೇ 1978ರಲ್ಲಿ ಲಕ್ಷಗಟ್ಟಲೆ ಮಾರಾಟವಾದ 'ಲ ಫ್ರೀಕ್'. ಅದೇ ರಾಜರ್ಸ್ 1986ರಲ್ಲಿ ಗ್ರೇಸಳೊಂದಿಗೆ ಸೇರಿ ಆಕೆಯ ಹಾಡುಗಳನ್ನು ನಿರ್ಮಿಸಿದರು.

ಕತ್ತರಿಯ ಕೈಚಳಕ

ಫ್ರಾನ್ಸಿನ ಕಲಾವಿದ ಜಾನ್ ಪಾಲ್ ಗೂಡ್ ಆಕೆಯ ಬಾಳಿಗೂ ಕಲೆಗೂ ಜೊತೆಯಾದವನು. ಒಂದು ಕಾಲ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿದ ಗ್ರೇಸಳ ಪ್ರಸಿದ್ಧ ಚಿತ್ರ ಅವನದು. ಯಾವ ದೇಹವೂ ಹಾಗೆ ನಿಲ್ಲಲಾರದು! ಹಲವು ಫೋಟೋಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ತೀಡಿ ಅದನ್ನು ಮಾಡಿದ್ದ. ಅವನು ನಿರ್ದೇಶಿಸಿದ 'ಎ ಒನ್ ಮ್ಯಾನ್ ಶೋ' ಎಂಬ ವೀಡಿಯೋ 1982ರಲ್ಲಿ ಬಂತು; ಗ್ರ್ಯಾಮಿ ಪ್ರಶಸ್ತಿಗೂ ಹೆಸರಿಸಲ್ಪಟ್ಟಿತು. ಹಾಡನ್ನು ಕಣ್ಣಿಗೂ ಉಣಿಸುವ ಎಂಟಿವಿ ಅಮೆರಿಕದಲ್ಲಿ ಆರಂಭವಾಗಿದ್ದುದು 1981ರಲ್ಲಷ್ಟೆ.

ಆದರೆ ಅದೇ ಗೂಡ್ ಆಕೆಯನ್ನು ಪಂಜರದೊಳಗೆ ಗರ್ಜಿಸುವ ಕಾಡುಮೃಗದಂತೆಯೂ ಚಿತ್ರಿಸಿದ್ದ. ಇದು ಕಲೆಯೋ, ಕಪ್ಪು ಜನರನ್ನು ಪ್ರಾಣಿಗಳೆಂದು ಕಂಡ ಹಳೆಯ ಕಣ್ಣೋ ಎಂಬ ಪ್ರಶ್ನೆ ಎದ್ದಿತು. ಇಂದಿಗೂ ಅದು ಆರಿಲ್ಲ. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಗ್ರೇಸ್ ಬರಿಯ ಬೊಂಬೆ, ಆಡಿಸಿದವನೇ ಕಲಾವಿದ ಎಂದರೆ ಅದೂ ಅನ್ಯಾಯ. ತಲೆ ಬೋಳಿಸಿಕೊಂಡು ತನ್ನ ರೂಪವನ್ನು ತಾನೇ ಆರಿಸಿಕೊಂಡಿದ್ದವಳು ಆಕೆ. ಅವನಿಂದ ದೂರವಾದ ಮೇಲೂ ಆಕೆಯ ಕಲೆ ಸೊರಗಲಿಲ್ಲ. 1984ರಲ್ಲಿ ಚಿತ್ರಕಾರ ಕೀತ್ ಹೇರಿಂಗ್ ಆಕೆಯ ಮೈಮೇಲೆಯೇ ಬಿಳಿಯ ರೇಖೆಗಳನ್ನು ಎಳೆದ. 1986ರಲ್ಲಿ ತನ್ನ ಹಾಡೊಂದರ ವೀಡಿಯೋವನ್ನು ಆಕೆಯೇ ನಿರ್ದೇಶಿಸಿದಳು. ಅದರಲ್ಲಿ ಹೇರಿಂಗ್ ಬಣ್ಣ ಬರೆದ ಭಾರೀ ಲಂಗ ಉಟ್ಟಿದ್ದಳು. ಚಿತ್ರಿಸಿಕೊಂಡವಳು ಚಿತ್ರಿಸುವವಳಾದದ್ದು ಹೀಗೆ.

1985ರ ಜೇಮ್ಸ್ ಬಾಂಡ್ ಚಿತ್ರದಲ್ಲೂ ಆಕೆ ನಟಿಸಿದಳು. 2012ರಲ್ಲಿ, ಅರುವತ್ತನಾಲ್ಕರ ವಯಸ್ಸಿನಲ್ಲಿ, ಲಂಡನಿನ ರಾಣಿಯ ವಜ್ರಮಹೋತ್ಸವದಲ್ಲಿ ಸೊಂಟದ ಸುತ್ತ ಬಳೆ ತಿರುಗಿಸುತ್ತಲೇ ಇಡೀ ಹಾಡು ಹಾಡಿದಳು. 'ಆತ್ಮಕಥೆ ಬರೆಯುವುದೇ ಇಲ್ಲ' ಎಂಬರ್ಥದ ಹೆಸರಿಟ್ಟು 2015ರಲ್ಲಿ ಆತ್ಮಕಥೆಯನ್ನೇ ಪ್ರಕಟಿಸಿದಳು.

ಮಗಳು ಕಪ್ಪೆಂದು ಕೊರಗುವ ಮನೆಗಳು ನಮ್ಮಲ್ಲಿಯೂ ಕಡಿಮೆಯಿಲ್ಲ. ಆಕೆಯ ವೇಷ, ರಾತ್ರಿಜೀವನ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಆದರೆ ಕುಂದೆಂದು ಜನ ಎಣಿಸಿದ್ದನ್ನೇ ಬಂಡವಾಳ ಮಾಡಿಕೊಂಡು ತಲೆಯೆತ್ತಿ ನಿಂತ ಆ ನಿಲುವನ್ನು ನಮ್ಮ ಹೆಣ್ಣುಮಕ್ಕಳು ಅರಿಯುವುದು ಒಳ್ಳೆಯದು.