ನಿದ್ರಿಸುವ ವೈರಸ್ ಎಚ್ಚೆತ್ತಾಗ: ಕಿಡ್ನಿ ಕಸಿಯಾದವರೂ ಎಚ್‌ಐವಿ ಸೋಂಕಿತರೂ ತಿಳಿದಿರಬೇಕಾದದ್ದು

ಕಡೂರು ತಾಲೂಕಿನ ಎಮ್ಮೆದೊಡ್ಡಿ ಭಾಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಾಯಿ ಕೊಟ್ಟ ಕಿಡ್ನಿಯನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗನಿಗೆ ಕಸಿ ಮಾಡಿ ಆರು ತಿಂಗಳಾಗಿದೆ. ಮಗನಿಗೆ ಊಟ ಸೇರುತ್ತಿದೆ, ನೋವಿಲ್ಲ, ಜ್ವರವಿಲ್ಲ. ಮುಂದಿನ ತಪಾಸಣೆಗೆಂದರೆ ಕಡೂರಿಗೆ ಬಂದು, ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಕೂಲಿ ತಪ್ಪುತ್ತದೆ, ಪರೀಕ್ಷೆಗೆ ಹಣ ಬೇಕು. “ಆರಾಮಾಗಿದ್ದೀಯಲ್ಲ ಮಗಾ, ಈ ತಿಂಗಳು ಬಿಡು” ಎಂದು ಮನೆಯವರು ಹೇಳುವುದು ಸಹಜ. ಆದರೆ ಈ ಒಂದು ಮಾತಿನಿಂದ ತಾಯಿ ಕೊಟ್ಟ ಕಿಡ್ನಿ ಕೈತಪ್ಪಬಹುದು. ಅದಕ್ಕೆ ಒಂದು ಕಾರಣ ಪಾಲಿಯೋಮಾ ವೈರಸ್.

ಏನಿದು ಪಾಲಿಯೋಮಾ?

ಹೆಸರು ಕೇಳಿದೊಡನೆ ಪೋಲಿಯೋ ನೆನಪಾಗಬಹುದು. ಎರಡಕ್ಕೂ ಸಂಬಂಧವಿಲ್ಲ. ಪಾಲಿಯೋಮಾ ಎಂಬುದು ವೈರಸ್‌ಗಳ ಒಂದು ಕುಟುಂಬ. ಮನುಷ್ಯರನ್ನು ಕಾಡುವ ಎರಡು ಮುಖ್ಯ ಬಗೆಗಳು 1971ರಲ್ಲಿ ಬೆಳಕಿಗೆ ಬಂದವು. ಲಂಡನ್ನಿನಲ್ಲಿ ಕಿಡ್ನಿ ಕಸಿಯಾದ ರೋಗಿಯ ಮೂತ್ರದಲ್ಲಿ ದೊರೆತದ್ದು ಬಿಕೆ ವೈರಸ್. ಅಮೆರಿಕದ ರೋಗಿಯೊಬ್ಬರ ಮೆದುಳಿನಲ್ಲಿ ದೊರೆತದ್ದು ಜೆಸಿ ವೈರಸ್. ಆಯಾ ರೋಗಿಗಳ ಹೆಸರಿನ ಮೊದಲ ಅಕ್ಷರಗಳೇ ಇವಕ್ಕೆ ಹೆಸರಾದವು.

ಬಿಕೆ ವೈರಸ್ ನಮ್ಮಲ್ಲಿ ಬಹುತೇಕರ ದೇಹವನ್ನು ಬಾಲ್ಯದಲ್ಲಿಯೇ ಸೇರಿಕೊಳ್ಳುತ್ತದೆ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೆಸಿ ವೈರಸ್ ಕೂಡ ತಗಲಿರುತ್ತದೆ. ಆಗ ಗಮನಕ್ಕೆ ಬರುವಂತಹ ಕಾಯಿಲೆಯೇನೂ ಆಗುವುದಿಲ್ಲ. ಆಮೇಲೆ ಅವು ಕಿಡ್ನಿ ಮುಂತಾದ ಕಡೆ ಸುಮ್ಮನೆ ಮಲಗಿರುತ್ತವೆ. ಅವುಗಳನ್ನು ಮಲಗಿಸಿಡುವುದು ನಮ್ಮ ರೋಗನಿರೋಧಕ ಶಕ್ತಿ. ಈ ಕಾವಲು ಸಡಿಲಗೊಂಡಾಗ ಅವು ಎಚ್ಚೆತ್ತುಕೊಳ್ಳುತ್ತವೆ.

ಕಿಡ್ನಿ ಕಸಿಯಾದವರಲ್ಲಿ

ಬೇರೊಬ್ಬರ ಕಿಡ್ನಿಯನ್ನು ದೇಹವು ಪರಕೀಯವೆಂದು ತಿರಸ್ಕರಿಸದಿರಲು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮುಂತಾದ ಮಾತ್ರೆಗಳನ್ನು ಕೊಡಲಾಗುತ್ತದೆ. ಇವು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುತ್ತವೆ. ಕಸಿಯಾದ ನೂರು ಮಂದಿಯಲ್ಲಿ ಒಬ್ಬರಿಂದ ಹತ್ತು ಮಂದಿಯವರೆಗೆ ಬಿಕೆ ವೈರಸ್ ಹೊಸ ಕಿಡ್ನಿಗೆ ಹಾನಿ ಮಾಡುತ್ತದೆ. ಇದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ ಆಗುವಂಥದ್ದು. ಸಾಮಾನ್ಯವಾಗಿ ನೋವು, ಜ್ವರ ಯಾವುದೂ ಇರುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಹಾನಿ ಆರಂಭವಾಗಿರುತ್ತದೆ. ಆದ್ದರಿಂದಲೇ 2024ರ ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿಯು ಮೊದಲ ಒಂಬತ್ತು ತಿಂಗಳು ಪ್ರತಿ ತಿಂಗಳೂ, ನಂತರ ಎರಡು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆಯೂ ರಕ್ತದಲ್ಲಿ ಈ ವೈರಸ್ಸನ್ನು ಪರೀಕ್ಷಿಸಬೇಕೆಂದು ಹೇಳುತ್ತದೆ.

ಬಿಕೆ ವೈರಸ್ಸನ್ನು ಕೊಲ್ಲುವ ಖಚಿತ ಔಷಧಿ ಇನ್ನೂ ಇಲ್ಲ. ವೈದ್ಯರು ಶಕ್ತಿ ತಗ್ಗಿಸುವ ಮಾತ್ರೆಗಳ ಪ್ರಮಾಣವನ್ನು ಎಚ್ಚರಿಕೆಯಿಂದ ಇಳಿಸಿ, ದೇಹವೇ ವೈರಸ್ಸನ್ನು ಹತೋಟಿಗೆ ತರುವಂತೆ ಮಾಡುತ್ತಾರೆ. ಹೆಚ್ಚು ಇಳಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು, ಇಳಿಸದಿದ್ದರೆ ವೈರಸ್ ಅದನ್ನು ಹಾಳುಮಾಡಬಹುದು. ತಕ್ಕಡಿಯ ಈ ತೂಕವನ್ನು ರೋಗಿಯಾಗಲಿ ಮನೆಯವರಾಗಲಿ ತಾವಾಗಿಯೇ ಮಾಡಲಾಗದು.

ಎಚ್‌ಐವಿ ಸೋಂಕಿತರಲ್ಲಿ

ಎಚ್‌ಐವಿಯಿಂದ ನಿರೋಧಕ ಶಕ್ತಿ ತೀರಾ ಕುಗ್ಗಿದಾಗ ಜೆಸಿ ವೈರಸ್ ಮೆದುಳಿಗೆ ಹಾನಿ ಮಾಡಬಹುದು. ಈ ಕಾಯಿಲೆಯನ್ನು ವೈದ್ಯರು ಪಿಎಮ್‌ಎಲ್ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಕೈಕಾಲಿನ ಬಲ ಕುಂದುತ್ತದೆ, ಮಾತು ತೊದಲುತ್ತದೆ, ದೃಷ್ಟಿ ಮಂಜಾಗುತ್ತದೆ, ನಡಿಗೆ ತಪ್ಪುತ್ತದೆ. ಲಕ್ವ ಹೊಡೆದಿದೆ ಎಂದುಕೊಂಡು ನಾಟಿ ಔಷಧಿಗೆ ಹೋಗಿ ದಿನ ಕಳೆಯುವ ಅಪಾಯವಿದೆ.

ಭಾರತ ಮತ್ತು ಆಫ್ರಿಕಾದಲ್ಲಿ ಈ ಕಾಯಿಲೆ ಏಕೆ ಕಡಿಮೆ ಕಾಣಿಸುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2003ರಲ್ಲಿಯೇ ಎತ್ತಿದ್ದರು. ನಮ್ಮಲ್ಲಿ ಹೆಚ್ಚಾಗಿರುವ ಎಚ್‌ಐವಿಯ ಸಿ ಉಪಜಾತಿ ಇದಕ್ಕೆ ಕಾರಣವಿರಬಹುದು. ಕ್ಷಯದಂತಹ ಸೋಂಕುಗಳೇ ರೋಗಿಯನ್ನು ಮೊದಲು ಬಲಿ ತೆಗೆದುಕೊಳ್ಳುವುದೂ ಇರಬಹುದು. ಆದರೆ ಕಡಿಮೆ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ; ನಮ್ಮ ದೇಶದ ಆಸ್ಪತ್ರೆಗಳಿಂದಲೂ ಪ್ರಕರಣಗಳು ವರದಿಯಾಗಿವೆ. ಇದಕ್ಕೂ ನೇರ ಔಷಧಿಯಿಲ್ಲ. ಎಆರ್‌ಟಿ ಮಾತ್ರೆಗಳಿಂದ ಕುಗ್ಗಿದ ಶಕ್ತಿಯನ್ನು ಮತ್ತೆ ಎತ್ತುವುದೇ ಚಿಕಿತ್ಸೆ. ಭಾರತ ಸರ್ಕಾರ 2004ರಿಂದ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ.

ಕಾರ್ಯಕರ್ತರು ಗಮನಿಸಬೇಕಾದದ್ದು

ಒಂದೇ ಕುಟುಂಬದ ವೈರಸ್; ಆದರೆ ಒಬ್ಬರಿಗೆ ವೈದ್ಯರು ಮಾತ್ರೆ ಇಳಿಸುತ್ತಾರೆ, ಇನ್ನೊಬ್ಬರು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸುವಂತಿಲ್ಲ. ಆದ್ದರಿಂದ ರೋಗಿಗಳ ಭೇಟಿಗೆ ಹೋಗುವ ಧರ್ಮಕೇಂದ್ರದ ಕಾರ್ಯಕರ್ತರು ಎಲ್ಲರಿಗೂ ಒಂದೇ ಸಲಹೆ ಕೊಡಬಾರದು.

1. ಮಾತ್ರೆ ನಿಲ್ಲಿಸಿ, ಬದಲಾಯಿಸಿ ಎಂದು ಹೇಳಬೇಡಿ. “ಮುಂದಿನ ರಕ್ತಪರೀಕ್ಷೆ ಯಾವಾಗ?” ಎಂದು ಕೇಳಿ.

2. ಪ್ರಯಾಣವೇ ಅಡ್ಡಿಯಾದರೆ ಖರ್ಚಿಗೆ ನೆರವಾಗಿ, ಜೊತೆಗೊಬ್ಬರನ್ನು ಕಳುಹಿಸಿ. ಹತ್ತಿರದ ಊರಿನಲ್ಲಿ ರಕ್ತ ಕೊಡಲು ಸಾಧ್ಯವೇ ಎಂದು ಆಸ್ಪತ್ರೆಯನ್ನು ವಿಚಾರಿಸಿ.

3. ಕಸಿಯಾದವರಿಗೆ ಚಕ್ಕೋತ ಹಣ್ಣು, ನಾಟಿ ಕಷಾಯಗಳನ್ನು ಕೊಡಬೇಡಿ. ಇವು ರಕ್ತದಲ್ಲಿ ಔಷಧಿಯ ಪ್ರಮಾಣವನ್ನು ಏರುಪೇರು ಮಾಡಬಲ್ಲವು.

4. ಬಿಕೆ ಅಥವಾ ಜೆಸಿ ಇದೆಯೆಂದು ಯಾರನ್ನೂ ದೂರವಿಡಬೇಡಿ. ಬಹುಶಃ ಅದು ನಮ್ಮೊಳಗೂ ಇದೆ. ಆದರೆ ನಿಮಗೇ ನೆಗಡಿ, ಜ್ವರವಿದ್ದರೆ ಭೇಟಿಯನ್ನು ಮುಂದೂಡಿ.

5. ಎಚ್‌ಐವಿ ಸೋಂಕಿತರ ವಿಷಯ ನಿಮ್ಮಲ್ಲಿಯೇ ಇರಲಿ. ಗುಟ್ಟು ರಟ್ಟಾಗುವ ಭಯದಿಂದ ಮಾತ್ರೆ ಬಿಟ್ಟವರೂ ಇದ್ದಾರೆ.

ಎಮ್ಮೆದೊಡ್ಡಿಯ ಆ ಮನೆಯ ಮಗನಿಗೆ ಈ ತಿಂಗಳು ಬೇಕಾಗಿರುವುದು ಬೆಂಗಳೂರಿಗೆ ಹೋಗಿಬರುವ ಖರ್ಚು, ಜೊತೆಗೊಬ್ಬ ಸಂಗಾತಿ. ಅಷ್ಟನ್ನು ಒದಗಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ.