ಒಲೆಯ ಇಂಗಾಲ, ಗಣಿಯ ಇಂಗಾಲ

ಒಂದು ಹೊರೆ ಸೌದೆ ಒಲೆಯಲ್ಲಿ ಉರಿದ ಮೇಲೆ ಉಳಿಯುವುದು ಒಂದೆರಡು ಹಿಡಿ ಬೂದಿ. ಮಿಕ್ಕ ತೂಕ ಎಲ್ಲಿ ಹೋಯಿತು? ಗಾಳಿಗೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಅದನ್ನು ಮರ ಬೇರಿನಿಂದ ಹೀರಿಕೊಂಡದ್ದಲ್ಲ. ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು, ಬಿಸಿಲಿನ ಶಕ್ತಿಯಿಂದ ನೀರಿನೊಡನೆ ಕೂಡಿಸಿ, ಸಕ್ಕರೆಯಾಗಿ ಮಾಡಿಕೊಂಡಿತು. ಗೊಬ್ಬರ ಹಾಕಿದರೆ ಗಿಡ ಬೆಳೆಯುವುದು ನಿಜ. ಆದರೆ ಗಿಡದ ಮೈಯ ಬಹುಪಾಲು ಗೊಬ್ಬರದಿಂದ ಆದದ್ದಲ್ಲ.

ನೀವು ಉಂಡ ರಾಗಿಮುದ್ದೆಯ ಕಥೆಯೂ ಇಷ್ಟೆ. ಹೊಲದ ಪೈರು ಗಾಳಿಯಿಂದ ಪಡೆದ ಇಂಗಾಲ ನಿಮ್ಮ ಜೀವಕೋಶಗಳನ್ನು ತಲುಪಿ, ಉಸಿರಾಗಿ ಮತ್ತೆ ಗಾಳಿ ಸೇರುತ್ತದೆ. ಉದುರಿದ ಎಲೆಯನ್ನು ಕೊಳೆಸುವ ಶಿಲೀಂಧ್ರವೂ ಇದೇ ಕೆಲಸ ಮಾಡುತ್ತಿರುತ್ತದೆ. ಇದು ಕೈಸಾಲದ ವ್ಯವಹಾರ: ತಂದದ್ದು ಕೆಲವು ತಿಂಗಳಲ್ಲೋ ವರ್ಷಗಳಲ್ಲೋ ತೀರುತ್ತದೆ. ಸೌದೆಯ ಲೆಕ್ಕವೂ ಸರಿಹೋಗುತ್ತದೆ, ಕಡಿದ ಮರದ ಜಾಗದಲ್ಲಿ ಇನ್ನೊಂದು ಬೆಳೆದರೆ ಮಾತ್ರ.

ಈಗ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಬನ್ನಿ. ಅಲ್ಲಿ ಉರಿಯುವುದು ಕಲ್ಲಿದ್ದಲು. ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳ ಕಲ್ಲಿದ್ದಲು, 25 ಕೋಟಿ ವರ್ಷಗಳಿಗೂ ಹಿಂದೆ ಜೌಗುನೆಲದಲ್ಲಿ ಬೆಳೆದು, ಪೂರ್ತಿ ಕೊಳೆಯುವ ಮೊದಲೇ ಹೂತುಹೋದ ಗಿಡಮರಗಳ ಅವಶೇಷ. ಆ ಇಂಗಾಲ ಚಕ್ರದಿಂದ ಹೊರಗುಳಿದಿತ್ತು. ನಾವು ಅದನ್ನು ಅಗೆದು ತೆಗೆದು ಒಳಕ್ಕೆ ಸೇರಿಸುತ್ತಿದ್ದೇವೆ.

ಒಲೆಯಿಂದ ಬಂದರೂ ಗಣಿಯಿಂದ ಬಂದರೂ ಅನಿಲ ಒಂದೇ ತಾನೇ, ಬೇರೆ ಬೇರೆಯೆಂದು ಗುರುತಿಸುವುದು ಹೇಗೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಪ್ರಭಾವದಿಂದ ಮೇಲಿನ ವಾಯುಮಂಡಲದಲ್ಲಿ ಸಾರಜನಕದ ಕೆಲವು ಪರಮಾಣುಗಳು ಇಂಗಾಲ-14 ಆಗಿ ಮಾರ್ಪಡುತ್ತವೆ. ಇದು ವಿಕಿರಣಶೀಲ. ಬದುಕಿರುವ ಪ್ರತಿ ಗಿಡದಲ್ಲೂ, ನಿಮ್ಮಲ್ಲೂ, ಅತ್ಯಲ್ಪ ಪ್ರಮಾಣದಲ್ಲಿ ಇದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ. ಇದ್ದದ್ದು ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಆ ಇಂಗಾಲ-14 ಉಳಿದಿರುವುದಿಲ್ಲ. ಆದ್ದರಿಂದ ಕಲ್ಲಿದ್ದಲು ಉರಿದಷ್ಟೂ ಗಾಳಿಯಲ್ಲಿ ಅದರ ಪಾಲು ತೆಳುವಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ತೋರಿಸಿದ್ದು ಇದನ್ನೇ: ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಮರದಲ್ಲಿ, ಹಿಂದಿನ ಶತಮಾನದ ಮರದಲ್ಲಿರುವುದಕ್ಕಿಂತ ಇಂಗಾಲ-14 ಕಡಿಮೆಯಿತ್ತು. (ಆಮೇಲೆ ಅಣುಬಾಂಬ್ ಪರೀಕ್ಷೆಗಳು ಹೊಸ ಇಂಗಾಲ-14 ಸುರಿದು ಈ ಲೆಕ್ಕವನ್ನು ಕೆಲಕಾಲ ಕಲಕಿಬಿಟ್ಟವು, ಅದು ಬೇರೆಯೇ ಕಥೆ.)

ಹಾಗೆ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಅರ್ಧವನ್ನು ಕಡಲೂ ಕಾಡುಗಳೂ ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗ ಇತ್ತು. 2024ರಲ್ಲಿ 420ನ್ನು ದಾಟಿತ್ತು. ಆ ಅಳತೆಗಳ ನಕ್ಷೆ ಸಿಕ್ಕರೆ ನೋಡಿ, ಗರಗಸದ ಹಲ್ಲಿನಂತಿದೆ. ಉತ್ತರಾರ್ಧಗೋಳದ ಕಾಡುಗಳು ಚಿಗುರಿ ಬೆಳೆಯುವ ತಿಂಗಳುಗಳಲ್ಲಿ ರೇಖೆ ಇಳಿಯುತ್ತದೆ, ಚಳಿಗಾಲದಲ್ಲಿ ಮತ್ತೆ ಏರುತ್ತದೆ. ಅದು ಎಲೆಗಳ ಕೈಸಾಲ. ಆದರೆ ಪ್ರತಿ ಹಲ್ಲೂ ಹಿಂದಿನ ವರ್ಷದ ಹಲ್ಲಿಗಿಂತ ಸ್ವಲ್ಪ ಮೇಲೆ ನಿಂತಿದೆ.